ಬಾನಿಗೆ ವಾಸನೆಯಿಲ್ಲ

ಜನವರಿ 21, ಭಾನುವಾರ

ನೀರೆಷ್ಟು, ಬಾರ್ಲಿ ಎಷ್ಟು, ಹೆಪ್ಪು ಹಾಕುವಾಗ ಬಿಸಿ ಎಷ್ಟಿತ್ತು ಎಂಬುದನ್ನು ಬಿಟ್ಟರೆ ನಲವತ್ತು ವರ್ಷಗಳಲ್ಲಿ ಈ ಪುಸ್ತಕದಲ್ಲಿ ಬೇರೇನನ್ನೂ ಬರೆದವನಲ್ಲ. ಬಿಯರ್ ಮಾಡುವವನಿಗೆ ಅದಕ್ಕಿಂತ ಹೆಚ್ಚಿನ ಸಾಹಿತ್ಯ ಬೇಕಿಲ್ಲ. ಈಗ ಬರೆಯುತ್ತಿದ್ದೇನೆ, ಯಾಕೆಂದರೆ ಇದನ್ನು ಯಾರಿಗೂ ಹೇಳಲು ನನಗೆ ಮನಸ್ಸಿಲ್ಲ.

ಹೋದ ಭಾನುವಾರ ಕೋಳಿಗೂಡಿಗೆ ಹೋಗುವಾಗ ಅಂಗಳದ ಹಿಮಗಡ್ಡೆಯ ಮೇಲೆ ಕಾಲು ಜಾರಿ ಹಿಂದಲೆಗೆ ಪೆಟ್ಟಾಯಿತು. ಎರಡು ದಿನ ಪಟ್ಟಣದ ಆಸ್ಪತ್ರೆಯಲ್ಲಿದ್ದೆ. ಮೂಳೆ ಒಡೆದಿಲ್ಲ. ಮನೆಗೆ ಬಂದ ಮೇಲೆ ಹೆಂಡತಿ ಸಿನ್ನೇವಾ ಕಾಫಿ ಕೊಟ್ಟಳು. ಬಿಸಿನೀರು ಕುಡಿದ ಹಾಗಿತ್ತು.

"ಕಾಫಿಪುಡಿ ಮುಗಿದಿದೆಯಾ?" ಎಂದೆ.

"ಎರಡು ಚಮಚ ಜಾಸ್ತೀನೇ ಹಾಕಿದೀನಿ. ತಲೆ ಒಡಕೊಂಡು ಬಂದಿದೀಯಲ್ಲ ಅಂತ," ಎಂದಳು.

ಆಮೇಲೆ ಅವಳಿಗೆ ಕಾಣದ ಹಾಗೆ ಮನೆಯಲ್ಲಿದ್ದದ್ದನ್ನೆಲ್ಲ ಮೂಸಿದೆ. ಸೋಪು, ಒದ್ದೆ ನಾಯಿ, ಡೀಸೆಲ್ ಡಬ್ಬಿ, ಮೇಕೆಹಾಲಿನ ಗಿಣ್ಣು. ಕೊನೆಗೆ ಹೆಪ್ಪಿನ ಜಾಡಿ. ನನ್ನ ಅಜ್ಜಿ ಮದುವೆಯಾಗಿ ಬರುವಾಗ ಬಟ್ಟೆಗಂಟಿನಲ್ಲಿ ಕಟ್ಟಿಕೊಂಡು ತಂದ ಹೆಪ್ಪು ಇದು, ಬಾರ್ಲಿ ರಸವನ್ನು ಹುದುಗಿಸಿ ಬಿಯರ್ ಮಾಡುವುದು ಇದೇ. ಒಣಗಿಸಿ ಇಡುತ್ತೇವೆ, ಮುಂದಿನ ಬಿಯರಿಗೆ ಹಾಕುತ್ತೇವೆ, ಅದರ ತಳದಿಂದ ಮತ್ತೆ ತೆಗೆದು ಒಣಗಿಸುತ್ತೇವೆ. ಮುಚ್ಚಳ ತೆಗೆದರೆ ಕಿತ್ತಳೆ ಸಿಪ್ಪೆಯ ವಾಸನೆ ಮುಖಕ್ಕೆ ರಾಚುತ್ತಿತ್ತು. ಈಗ ಏನೂ ಇಲ್ಲ. ಗೋಡೆ ಮೂಸಿದ ಹಾಗೆ.

ಜನವರಿ 29, ಸೋಮವಾರ

ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಮೂಗಿನ ಹಿಂದೆ ಎಳೆ ಎಳೆಯಾಗಿ ನರಗಳಿರುತ್ತವಂತೆ, ಪೆಟ್ಟಿಗೆ ಅವು ಕಿತ್ತು ಹೋಗಿವೆಯಂತೆ.

"ಕೆಲವರಿಗೆ ವಾಪಸ್ ಬರುತ್ತೆ. ವರ್ಷದೊಳಗೆ ಬರಲಿಲ್ಲ ಅಂದ್ರೆ ಬರಲ್ಲ ಅಂತಲೇ ತಿಳ್ಕೊಳ್ಳಿ," ಎಂದಳು.

"ನಾಲಿಗೆ?"

"ಉಪ್ಪು, ಸಿಹಿ, ಹುಳಿ, ಕಹಿ ಗೊತ್ತಾಗುತ್ತೆ. ಮಿಕ್ಕಿದ್ದೆಲ್ಲ ಮೂಗಿನ ಕೆಲಸ. ನೀವು ಏನು ಮಾಡ್ಕೊಂಡಿದೀರಿ?"

"ಕುರಿ ಸಾಕ್ತೀನಿ."

"ಹಾಗಾದ್ರೆ ಅಷ್ಟೇನೂ ತೊಂದರೆಯಾಗಲ್ಲ ಬಿಡಿ."

ಈ ಕಣಿವೆಯಲ್ಲಿ ನನ್ನನ್ನು ಜನ ಹೆಸರು ಹಿಡಿದು ಕರೆಯುವುದಕ್ಕಿಂತ 'ಮೂಗು' ಎಂದು ಕರೆಯುವುದೇ ಹೆಚ್ಚು ಎಂದು ಅವಳಿಗೆ ಹೇಳಲಿಲ್ಲ. ಯಾರ ಮನೆಯ ಬಿಯರನ್ನಾದರೂ ಒಮ್ಮೆ ಮೂಸಿ, ನೀರು ಯಾವ ಹಳ್ಳದ್ದು, ಜುನಿಪರ್ ಪೊದೆಯ ಕೊಂಬೆ ಬೆಟ್ಟದ ಯಾವ ಮಗ್ಗುಲಿನದು ಎಂದು ಹೇಳುತ್ತಿದ್ದವನು ನಾನು. ಅರವತ್ತಾರು ವರ್ಷಕ್ಕೆ ನನ್ನ ಹತ್ತಿರ ಇದ್ದದ್ದು ಅದೊಂದೇ.

ಕಾರಿನಲ್ಲಿ ಬರುವಾಗ ಸಿನ್ನೇವಾಳಿಗೆ ಎಲ್ಲ ಹೇಳಿ, ಯಾರಿಗೂ ಬಾಯಿ ಬಿಡಬೇಡ ಎಂದೆ. ಅವಳು ಕುಡಿತವನ್ನು ಪಾಪವೆನ್ನುವ ಪ್ರಾರ್ಥನಾ ಮಂದಿರದವರ ಮನೆಯ ಮಗಳು. ಮೂವತ್ತೆಂಟು ವರ್ಷ ನನ್ನ ಜೊತೆ ಬಾಳಿಯೂ ಒಂದು ಹನಿ ಬಿಯರ್ ತುಟಿಗೆ ಮುಟ್ಟಿಸಿದವಳಲ್ಲ, ಬಿಯರ್ ಮನೆಯ ಹೊಸಲು ದಾಟಿದವಳೂ ಅಲ್ಲ.

"ಸುಳ್ಳು ಹೇಳು ಅಂದ್ರೆ ಹೇಳಲ್ಲ ಗಿಟ್ಲೆ. ಯಾರಾದ್ರೂ ಕೇಳಿದ್ರೆ ಇದ್ದದ್ದು ಇದ್ದ ಹಾಗೆ ಹೇಳ್ತೀನಿ. ಕೇಳ್ದೆ ಇದ್ರೆ ಸುಮ್ನಿರ್ತೀನಿ."

ಅಷ್ಟು ಸಾಕು. ಮೂಗನ್ನು ಮೂಗಿದೆಯಾ ಎಂದು ಯಾರು ಕೇಳುತ್ತಾರೆ?

ಫೆಬ್ರವರಿ 8, ಗುರುವಾರ

ತಿಂಗಳಿಗೊಂದು ಗುರುವಾರ ಕಣಿವೆಯ ಬಿಯರ್ ಮಾಡುವವರೆಲ್ಲ ಹಳೇ ಹಾಲಿನ ಶೆಡ್ಡಿನಲ್ಲಿ ಸೇರುತ್ತೇವೆ. ಈಗ ಅಲ್ಲಿಗೆ ಹಾಲು ತರುವವರು ಯಾರೂ ಇಲ್ಲ, ಹಾಗಾಗಿ ನಮ್ಮ ಪಾಲಿಗೆ ಬಂದಿದೆ. ಒಬ್ಬೊಬ್ಬರು ಒಂದು ಸೀಸೆ ತಂದು, ಮನೆಯಲ್ಲಿ ಯಾವ ಬಿಯರ್ ಇಟ್ಟಿದ್ದೇನೆ, ಹೇಗೆ ಬರುತ್ತಿದೆ ಎಂದು ಹೇಳಬೇಕು. ಮೊದಲ ಗುಟುಕು ನನಗೆ, ಮೊದಲ ಮಾತೂ ನನ್ನದು.

ಸ್ಟೀರ್ಕ್ ಶಾಲೆಯ ಬಸ್ ಓಡಿಸುತ್ತಾನೆ. ಹೊಸದೇನಾದರೂ ಮಾಡದಿದ್ದರೆ ಅವನಿಗೆ ನಿದ್ದೆ ಬರುವುದಿಲ್ಲ. ಅವನ ಲೋಟ ಮೂಗಿಗೆ ಹಿಡಿದೆ, ಕಣ್ಣು ಮುಚ್ಚಿದೆ, ಅಭ್ಯಾಸದಂತೆ ಅಷ್ಟು ಹೊತ್ತು ಕಾದೆ. ನಾಲಿಗೆಗೆ ಸಿಹಿ ಬಂತು.

"ಜೇನು ಹಾಕಿದೀಯಾ?" ಎಂದೆ.

ತೋರ್ಲೈವ್ ನಕ್ಕುಬಿಟ್ಟ. ಅವನೂ ನಾನೂ ಒಂದೇ ಬೆಂಚಿನಲ್ಲಿ ಕೂತು ಓದಿದವರು. "ಲೋ ಮೂಗು, ಅವನು ಬಾರ್ಲೀನ ಮೂರು ದಿನ ಹೊಗೆಗೆ ಇಟ್ಟಿದ್ದಾನೆ. ಇಲ್ಲಿ ಕೂತ್ರೆ ಮನೆಗೆ ಬೆಂಕಿ ಬಿದ್ದ ಹಾಗೆ ಘಾಟು ಬರ್ತಿದೆ. ನೀನು ಜೇನು ಅಂತೀಯ."

ಲೋಟ ಕೆಳಗಿಟ್ಟೆ. ಅಷ್ಟರಲ್ಲಿ ಸ್ಟೀರ್ಕ್ ಇನ್ನೊಂದು ಗುಟುಕು ಕುಡಿದು, "ಇರು ಇರು. ಹೊಗೆ ಹಿಂದೆ ಏನೋ ಇದೆ. ಜೇನೇ ಇರಬೇಕು," ಎಂದ. ಉಳಿದವರೂ ಒಬ್ಬೊಬ್ಬರಾಗಿ ಮೂಸಿ, ಹೌದು ಹೌದು, ಜೇನಿದೆ ಎಂದರು. ಕೊನೆಗೆ ತೋರ್ಲೈವ್ ಕೂಡ ತಲೆ ಕೆರೆದುಕೊಂಡು ಒಪ್ಪಿಕೊಂಡ.

ಮನೆಗೆ ಬರುವಾಗ ದಾರಿಯುದ್ದಕ್ಕೂ ನಗು ಬಂತು. ಮೂಗಿಲ್ಲದೆಯೂ ನಡೆದುಹೋಗುತ್ತದೆ ಅನ್ನಿಸಿತು.

ಮಾರ್ಚ್ 16, ಶನಿವಾರ

ವಸಂತದ ಬಿಯರ್ ಇಟ್ಟೆ. ಜುನಿಪರ್ ಕುದಿಸಿದ ನೀರು, ಬಾರ್ಲಿ, ನಾಲ್ಕು ಗಂಟೆ ಕುದಿ. ಎಲ್ಲ ಕೈಗೆ ಗೊತ್ತಿರುವ ಕೆಲಸ, ಮೂಗನ್ನು ಕೇಳಿ ಮಾಡುವಂಥದ್ದಲ್ಲ.

ಮರದ ಬಾನಿಯನ್ನು ಬಿಸಿ ಜುನಿಪರ್ ನೀರಿನಲ್ಲಿ ತೊಳೆದೆ. ಅಜ್ಜಿಯ ಕಟ್ಟಪ್ಪಣೆಯೊಂದಿತ್ತು: ಬಾನಿಯೊಳಗೆ ಕುತ್ತಿಗೆವರೆಗೂ ತಲೆ ಹಾಕಿ ಮೂಸಬೇಕು, ಏನೂ ವಾಸನೆ ಬರದಿದ್ದರೆ ಮಾತ್ರ ಬಿಯರ್ ಹೊಯ್ಯಬೇಕು. ಕೆಲವು ಸಲ ಹಲಗೆಯ ಸಂದಿಯಲ್ಲಿ ಹಳೆಯದು ಸ್ವಲ್ಪ ಉಳಿದು ಕಮಟು ಹಿಡಿದಿರುತ್ತದೆ, ಆಗ ಮತ್ತೆ ಎರಡು ಮೂರು ಸಲ ತೊಳೆಯಬೇಕಾಗುತ್ತದೆ. ಇವತ್ತು ತಲೆ ಹಾಕಿ ಮೂಸಿದೆ. ಏನೂ ಇಲ್ಲ. ಇಷ್ಟು ಚೊಕ್ಕಟವಾಗಿ ಈ ಬಾನಿ ಎಂದೂ ಇರಲಿಲ್ಲ. ಒಂದೇ ತೊಳೆತಕ್ಕೆ ಕೆಲಸ ಮುಗಿಯಿತು.

ಹೆಪ್ಪು ಹಾಕುವಾಗ ಗಂಟಲು ಹರಿಯುವ ಹಾಗೆ ಕೂಗಿದೆ. ಕೂಗದಿದ್ದರೆ ಹೆಪ್ಪು ಏಳುವುದಿಲ್ಲ ಎಂದು ನಮ್ಮಲ್ಲಿ ಮಾತು. ಅಡುಗೆಮನೆ ಕಿಟಕಿಯಿಂದ ಸಿನ್ನೇವಾ, "ಆ ಹೆಪ್ಪಿಗೇನು ಕಿವಿ ಕೇಳಿಸಲ್ವಾ? ಪಕ್ಕದ ಕಣಿವೆ ಹೆಪ್ಪೂ ಎದ್ದಿರುತ್ತೆ ಈಗ," ಎಂದಳು.

ಮಾರ್ಚ್ 19, ಮಂಗಳವಾರ

ಪೀಪಾಯಿ ತುಂಬುವ ದಿನ. ಇದಕ್ಕೆ ಯಾರನ್ನೂ ಕರೆಯಬೇಕಿಲ್ಲ, ಬಿಯರ್ ಮನೆಯ ಹೊಗೆ ನೋಡಿಯೇ ಎಲ್ಲರೂ ದಿನ ಎಣಿಸಿಟ್ಟಿರುತ್ತಾರೆ. ಎಂಟು ಜನ ಬಂದರು. ಬಟ್ಟಲು ಒಂದು ಸುತ್ತು ಹೋಯಿತು. ಒಬ್ಬನ ಮನೆಯ ಮಾಡಿನ ಕೆಳಗೆ ನಿಂತು ಅವನ ಬಿಯರಿಗೆ ಹೆಸರಿಡಬಾರದು, ಅದು ಇಲ್ಲಿಯ ಮರ್ಯಾದೆ. ಆದರೆ ನನ್ನ ಬಿಯರಿಗೆ ಹೆಸರಿಡಬೇಕಾದ ಪ್ರಸಂಗ ಎಂದೂ ಬಂದಿಲ್ಲ.

ನನ್ನ ನಾಲಿಗೆಗೆ ಸಿಹಿ, ಹಿಂದಿನಿಂದ ಕಹಿ. ಹುಳಿ ಇಲ್ಲ. ಹುಳಿ ಇಲ್ಲವೆಂದರೆ ಕೆಟ್ಟಿಲ್ಲ.

"ಇದ್ರಲ್ಲಿ ಏನೋ ಇದೆ ಕಣೋ," ಎಂದ ತೋರ್ಲೈವ್.

"ಏನು?"

"ಏನೋಪ್ಪ. ಹಳೇ ಕಾಲದ್ದು ಏನೋ."

ಅವನು ಬಟ್ಟಲು ಹಿಡಿದುಕೊಂಡೇ ಟ್ರ್ಯಾಕ್ಟರ್ ನೋಡಿ ಬರುತ್ತೇನೆಂದು ಹೊರಗೆ ಹೋದ. ಬಂದಾಗ ಬಟ್ಟಲು ಖಾಲಿ. ಸಾಮಾನ್ಯವಾಗಿ ಹಾಡು ಶುರುವಾಗುವ ಹೊತ್ತಿಗೆ ಇವತ್ತು ಎಲ್ಲರಿಗೂ ಮನೆಯಲ್ಲಿ ಕೆಲಸ ನೆನಪಾಯಿತು. ವಯಸ್ಸಾಗುತ್ತಿದೆ ಎಲ್ಲರಿಗೂ.

ತಳದ ಹೆಪ್ಪು ತೆಗೆದು ಕಾಗದದ ಮೇಲೆ ಹರವಿದ್ದೇನೆ. ಜಾಡಿಯಲ್ಲಿ ಉಳಿದಿದ್ದ ಹಳೆಯದನ್ನು ಪ್ರತಿ ಸಲದಂತೆ ಕೋಳಿಗಳಿಗೆ ಹಾಕಿದೆ. ಹೊಸದು ಬಂದ ಮೇಲೆ ಹಳೆಯದನ್ನು ಇಟ್ಟುಕೊಂಡರೆ ಜಗಳವಾಡುತ್ತವೆ ಎನ್ನುತ್ತಿದ್ದಳು ಅಜ್ಜಿ.

ಮಾರ್ಚ್ 20, ಬುಧವಾರ

ಮೆಟ್ಟಿಲ ಪಕ್ಕದ ಹಿಮದಲ್ಲಿ ದೊಡ್ಡದೊಂದು ಹಳದಿ ಕಲೆ. ನಾಯಿಗೆ ಬೈದೆ.

ಏಪ್ರಿಲ್ 4, ಗುರುವಾರ

ಗೂರೋ ಇವತ್ತಿನ ಸಭೆಯಲ್ಲಿ ಮುಖ ಸಣ್ಣ ಮಾಡಿಕೊಂಡು ಕೂತಿದ್ದಳು. ನನ್ನ ತಮ್ಮನ ಮಗಳು. ತಮ್ಮ ಹೋಗಿ ಆರು ವರ್ಷವಾಯಿತು. ಅವನ ಹಂಡೆ, ಅವನ ಬಾನಿ ಎಲ್ಲವನ್ನೂ ಅವಳೇ ನಡೆಸಿಕೊಂಡು ಬಂದಿದ್ದಾಳೆ. ಜೂನ್ ಹದಿನೈದಕ್ಕೆ ಅವಳ ಮದುವೆ, ಹುಡುಗ ಬರ್ಗನ್ ನಗರದ ಕಡೆಯ ಐವಿಂದ್.

"ನನ್ನ ಹೆಪ್ಪು ಸತ್ತೋಯ್ತು ದೊಡ್ಡಪ್ಪ. ಆರುವ ಮೊದಲೇ ಹಾಕ್ಬಿಟ್ಟೆ."

"ಮೊಣಕೈ ಅದ್ದಿ ನೋಡ್ಲಿಲ್ವಾ?"

"ಫೋನ್ ಬಂತು."

"ಫೋನಿಗೇ ಹೆಪ್ಪು ಹಾಕು ಇನ್ನು ಮೇಲೆ," ಎಂದೆ. ಎಲ್ಲರೂ ನಕ್ಕರು, ಅವಳ ಕಣ್ಣಲ್ಲಿ ನೀರು ಬಂತು. "ಮದುವೆ ಬಿಯರಿಗೆ ಅಪ್ಪ ಇಡ್ತಿದ್ದದ್ದೇ ಆಗಬೇಕು ನಂಗೆ. ಅದು ಬಿಟ್ಟು ಬೇರೇನೂ ಕೇಳಲ್ಲ. ಕೊಡ್ತೀಯಾ?"

ಹೆಪ್ಪು ಕೇಳಿದವರಿಗೆ ಇಲ್ಲ ಅನ್ನುವ ಹಾಗಿಲ್ಲ. ಅದರಲ್ಲೂ ಇವಳಿಗೆ. ಹಾಗೆ ನೋಡಿದರೆ ಈ ಕಣಿವೆಯಲ್ಲಿ ಈಗ ನಮ್ಮಿಬ್ಬರನ್ನು ಬಿಟ್ಟರೆ ಸ್ವಂತ ಹೆಪ್ಪು ಕಾಪಾಡುವವರೇ ಇಲ್ಲ. ಬೇಕಾದವರೆಲ್ಲ ನಮ್ಮ ಮನೆಗೆ ಬರುತ್ತಾರೆ. ಗಿಟ್ಲೆ ಇದ್ದಾನಲ್ಲ ಎಂಬ ಧೈರ್ಯ.

ಅಷ್ಟರಲ್ಲಿ ತೋರ್ಲೈವ್ ಮೇಜು ನೋಡುತ್ತ, "ಅಂಗಡೀಲಿ ಪ್ಯಾಕೆಟ್ ಸಿಗುತ್ತಲ್ಲ ಗೂರೋ, ಈಗ ಚೆನ್ನಾಗಿರೋದು ಬರ್ತವೆ," ಎಂದ.

ನನಗೆ ಮೈ ಉರಿದುಹೋಯಿತು. "ಯಾಕೆ, ನಮ್ಮನೇದಕ್ಕೆ ಏನಾಗಿದೆ?"

"ಏನಿಲ್ಲಪ್ಪ. ಸುಮ್ನೆ ಅಂದೆ."

ಜಾಡಿಯ ಅರ್ಧ ಗೂರೋಗೆ ಕೊಟ್ಟೆ. ಐವತ್ತು ವರ್ಷದ ಸ್ನೇಹಿತನಿಗೂ ಹೊಟ್ಟೆಕಿಚ್ಚು ಇರುತ್ತದೆ ಎಂದು ಇವತ್ತು ಗೊತ್ತಾಯಿತು.

ಏಪ್ರಿಲ್ 28, ಭಾನುವಾರ

ಕುರಿಗಳು ಮರಿ ಹಾಕುತ್ತಿವೆ. ತಾಯಿ ತನ್ನ ಮರಿಯನ್ನು ಮೂಸಿ ಗುರುತು ಹಿಡಿಯುತ್ತದೆ, ಬೇರೆಯದಾದರೆ ಒದ್ದು ಓಡಿಸುತ್ತದೆ. ನಾನು ಒಂದು ಮರಿಯನ್ನು ಎತ್ತಿ ಮುಖಕ್ಕೆ ಒತ್ತಿಕೊಂಡೆ. ಬೆಚ್ಚಗಿತ್ತು. ಅಷ್ಟೇ.

ಮೇ 17, ಶುಕ್ರವಾರ

ದೇಶದ ಹಬ್ಬ. ಬಾವುಟ, ಮೆರವಣಿಗೆ, ಮಕ್ಕಳ ವಾದ್ಯ. ಗೂರೋ ತನ್ನ ತಾಯಿಯ ಕಸೂತಿಯ ಉಡುಪು ಹಾಕಿಕೊಂಡು ಬಂದು, "ದೊಡ್ಡಪ್ಪ, ಚರ್ಚಲ್ಲಿ ಅಪ್ಪನ ಜಾಗದಲ್ಲಿ ನೀನೇ ನನ್ನ ಕೈ ಹಿಡ್ಕೊಂಡು ಬರಬೇಕು," ಎಂದಳು. ಹೂಂ ಎಂದು ಟೋಪಿ ಸರಿಮಾಡಿಕೊಂಡೆ. ಸಿನ್ನೇವಾ ನನ್ನ ತೋಳು ಚಿವುಟಿದಳು.

ಇವತ್ತು ಮೂಗಿನ ನೆನಪಾಗಲಿಲ್ಲ. ಈಗ ಬರೆಯುವಾಗ ಆಯಿತು.

ಜೂನ್ 5, ಬುಧವಾರ

ಗೂರೋ ಸೋಮವಾರ ಮದುವೆಯ ಬಿಯರ್ ಇಟ್ಟಿದ್ದಳು. ಬೆಳಿಗ್ಗೆ ಫೋನ್ ಮಾಡಿದಳು. "ದೊಡ್ಡಪ್ಪ, ಒಂದ್ಸಲ ಬಂದು ಮೂಸಿ ನೋಡ್ತೀಯಾ? ನಂಗೇನೋ ಸರಿ ಅನ್ನಿಸ್ತಿಲ್ಲ."

ಹೋದೆ. ಬಾನಿಯ ಮೇಲೆ ನೊರೆ ಚೆನ್ನಾಗಿಯೇ ಎದ್ದಿತ್ತು. ಅವಳು ಸೌಟಿನಲ್ಲಿ ತೆಗೆದು ಕೊಟ್ಟಳು. ನನ್ನ ಮುಖವನ್ನೇ ನೋಡುತ್ತ ನಿಂತಳು.

"ಕಮಟು ಬರ್ತಿಲ್ವಾ? ಹಾಲು ಕೆಟ್ಟ ಹಾಗೆ?"

ನಾನು ಮೂಸಿದೆ. ಕುಡಿದೆ. ಸಿಹಿ, ಕಹಿ, ಹುಳಿ ಇಲ್ಲ. ಆಗ ಹೇಳಬಹುದಾಗಿತ್ತು. ನಾವಿಬ್ಬರೇ ಇದ್ದೆವು, ಮದುವೆಗೆ ಇನ್ನೂ ಹತ್ತು ದಿನವಿತ್ತು. ಮಗಳೇ, ನನಗೆ ಗೊತ್ತಾಗುವುದಿಲ್ಲ, ತೋರ್ಲೈವನನ್ನು ಕರೆ ಎಂದಿದ್ದರೆ ಮುಗಿಯುತ್ತಿತ್ತು. ಬಾಯಿವರೆಗೂ ಬಂತು.

"ಎಳೇ ಬಿಯರ್ ಹೀಗೇ ಇರುತ್ತೆ," ಎಂದೆ. "ಎರಡು ದಿನ ಬಿಡು, ಕೂರುತ್ತೆ. ಮದುವೆ ಹುಡುಗಿಗೆ ಎಲ್ಲದ್ರಲ್ಲೂ ಅನುಮಾನ."

ಅವಳು ಉಸಿರು ಬಿಟ್ಟು ನಕ್ಕಳು. "ನೀನು ಹೇಳಿದ್ಮೇಲೆ ಸರಿ. ನನ್ನ ಮೂಗೇ ಸರಿ ಇಲ್ಲ ಅಂದ್ಕೊಂಡೆ."

ನಾನು ಹೇಳಿದ್ದು ಸರಿಯೇ ಇರಬೇಕು. ನಲವತ್ತು ವರ್ಷದ ಅನುಭವ ಮೂಗಿನಲ್ಲಿ ಮಾತ್ರ ಇರುವುದಿಲ್ಲ. ಊಟ ಸೇರಲಿಲ್ಲ.

ಜೂನ್ 8, ಶನಿವಾರ

ಬರೆಯದೆ ಬಿಡೋಣವೆಂದುಕೊಂಡಿದ್ದೆ.

ಗೂರೋಳ ಅಂಗಳದಲ್ಲಿ ಪೀಪಾಯಿ ತುಂಬುವ ದಿನ. ಐವಿಂದ್‌ನ ತಂದೆತಾಯಿ ಬರ್ಗನ್‌ನಿಂದ ಬಂದಿದ್ದರು. ಸಿನ್ನೇವಾ ಮೇಜಿನ ಹತ್ತಿರ ಕಾಫಿ, ತೆಳುರೊಟ್ಟಿ ನೋಡಿಕೊಳ್ಳುತ್ತಿದ್ದಳು. ಬಟ್ಟಲು ಮೊದಲು ನನಗೆ ಬಂತು. ಎಲ್ಲರೂ ನನ್ನ ಕಡೆ ನೋಡಿದರು. ನಾನು ಕುಡಿದು, "ಅಜ್ಜಿ ಇದ್ದಿದ್ರೆ ಇನ್ನೊಂದು ಬಟ್ಟಲು ಕೇಳ್ತಿದ್ಲು," ಎಂದೆ.

ತೋರ್ಲೈವ್ ಕುಡಿದ. "ಹೂಂ." ಸ್ಟೀರ್ಕ್ ಕುಡಿದ. "ಹೂಂ." ಹಾಗೇ ಹೂಂ ಹೂಂ ಎನ್ನುತ್ತ ಬಟ್ಟಲು ಐವಿಂದ್‌ನ ತಾಯಿಯ ಕೈಗೆ ಹೋಯಿತು. ಅವಳು ಒಂದು ಗುಟುಕು ಬಾಯಿಗೆ ಹಾಕಿಕೊಂಡು, ಬೇಲಿಯ ಹತ್ತಿರ ಓಡಿ ಹೋಗಿ ಹುಲ್ಲಿನ ಮೇಲೆ ಉಗಿದಳು.

"ತಪ್ಪು ತಿಳ್ಕೋಬೇಡಿ," ಎಂದಳು ಬಾಯಿ ಒರೆಸಿಕೊಳ್ಳುತ್ತ. "ಇದು ಮಗು ಕಕ್ಕಿದ ಹಾಲಿನ ಥರ ನಾರ್ತಿದೆ. ನಿಮಗೆ ಯಾರಿಗೂ ವಾಸನೆ ಬರ್ತಿಲ್ವಾ?"

ಎಲ್ಲರೂ ತಮ್ಮ ತಮ್ಮ ಬೂಟು ನೋಡಿಕೊಂಡರು.

"ನಂಗೆ ಬುಧವಾರದಿಂದ ಬರ್ತಿದೆ," ಎಂದಳು ಗೂರೋ ಮೆಲ್ಲಗೆ. ಆಮೇಲೆ ನನ್ನ ಕಡೆ ತಿರುಗಿದಳು. "ದೊಡ್ಡಪ್ಪ, ನಿಂಗೆ?"

ನಾನೂ ಬೂಟು ನೋಡಿಕೊಂಡೆ. ಅವಳು ಸಿನ್ನೇವಾಳನ್ನು ನೋಡಿದಳು. "ದೊಡ್ಡಮ್ಮ, ಏನಾಗಿದೆ ದೊಡ್ಡಪ್ಪಂಗೆ?"

ಕೇಳಿಬಿಟ್ಟಳು. ಐದು ತಿಂಗಳಲ್ಲಿ ಮೊದಲ ಸಲ ಯಾರೋ ಕೇಳಿದರು. ಸಿನ್ನೇವಾ ಕಾಫಿ ಪಾತ್ರೆ ಕೆಳಗಿಟ್ಟಳು.

"ಜನವರಿಲಿ ಬಿದ್ದಾಗಿನಿಂದ ಗಿಟ್ಲೆಗೆ ಯಾವ ವಾಸನೇನೂ ಬರಲ್ಲ."

ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಗೂರೋ ಬಾನಿಯ ತೂಬು ತೆಗೆದು ಅಷ್ಟನ್ನೂ ಚರಂಡಿಗೆ ಬಿಟ್ಟಳು, ಅದು ಹರಿದು ಮುಗಿಯುವವರೆಗೂ ಅಲ್ಲೇ ನಿಂತಿದ್ದಳು.

ಜೂನ್ 10, ಸೋಮವಾರ

ತೋರ್ಲೈವ್ ಬಂದಿದ್ದ. ಅಡುಗೆಮನೆಯಲ್ಲಿ ಕೂತು ಟೋಪಿ ತಿರುಗಿಸುತ್ತಿದ್ದ.

"ಮಾರ್ಚಲ್ಲೇ ನಂಗೆ ಗೊತ್ತಾಗಿತ್ತು ಕಣೋ. ಬಟ್ಟಲನ್ನ ಹಿಮಕ್ಕೆ ಚೆಲ್ಲಿದ್ದು ನಾನೇ."

"ಹೇಳೋದಕ್ಕೆ ಏನಾಗಿತ್ತು ನಿಂಗೆ?"

"ನಿನ್ನ ಮೂಗಿನ ಮುಂದೆ ನಂದೇನೋ? ನಿಂಗೆ ಗೊತ್ತಿಲ್ದೆ ಇರುತ್ತಾ ಅಂದ್ಕೊಂಡೆ. ಬೇಕಂತಲೇ ಹಳೇ ಥರ ಏನೋ ಮಾಡ್ತಿದ್ದಾನೆ, ನಂಗೇ ಅರ್ಥ ಆಗ್ತಿಲ್ಲ ಅಂದ್ಕೊಂಡೆ. ಎಲ್ರೂ ಹಾಗೇ ಅಂದ್ಕೊಂಡ್ರು. ಒಬ್ಬರಿಗೊಬ್ರು ಹೇಳ್ಕೊಳ್ಳಲೂ ಇಲ್ಲ." ಟೋಪಿ ಮೇಜಿನ ಮೇಲಿಟ್ಟ. "ಪ್ಯಾಕೆಟ್ ತಗೋ ಅಂದೆನಲ್ಲ ಆವತ್ತು. ಅದಕ್ಕಿಂತ ಜಾಸ್ತಿ ಹೇಳೋಕೆ ಧೈರ್ಯ ಬರಲಿಲ್ಲ."

ನನ್ನ ಬಾನಿಯ ಕಮಟು ಮಾರ್ಚಿನಲ್ಲಿ ಹೆಪ್ಪಿಗೆ ಹತ್ತಿದೆ. ಆ ಹೆಪ್ಪು ಗೂರೋಳ ಬಾನಿಗೆ ಹೋಗಿದೆ. ಹಳೆಯದು ಯಾರ ಹತ್ತಿರವಾದರೂ ಇದೆಯಾ ಎಂದು ತೋರ್ಲೈವ್ ಎರಡು ದಿನದಿಂದ ಮನೆ ಮನೆ ಕೇಳಿ ಬಂದಿದ್ದಾನೆ. ಯಾರ ಫ್ರೀಜರಿನಲ್ಲೂ ಇಲ್ಲ. ಎಲ್ಲರೂ ಹೇಳಿದ್ದು ಒಂದೇ: ಗಿಟ್ಲೆ ಮನೆಯಲ್ಲಿ ಇರುತ್ತಲ್ಲ.

ಗಿಟ್ಲೆ ಅದನ್ನು ಕೋಳಿಗೆ ಹಾಕಿದ.

ಅವನು ಹೋದ ಮೇಲೆ ಸಿನ್ನೇವಾಳ ಮೇಲೆ ರೇಗಿದೆ. "ಎಲ್ಲರ ಮುಂದೆ ಮಾನ ತೆಗೆದೆಯಲ್ಲ."

"ಕೇಳಿದ್ರೆ ಹೇಳ್ತೀನಿ ಅಂತ ಅವತ್ತೇ ಹೇಳಿದ್ದೆ. ನನ್ನ ಬಾಯಿಗೆ ಬೀಗ ಹಾಕಿದೋನು ನೀನು. ನಂಗೆ ನಿನ್ನ ಬಿಯರೆಲ್ಲ ಒಂದೇ ನಾತ, ಕೆಟ್ಟಿದ್ಯಾವುದು ಒಳ್ಳೇದ್ಯಾವುದು ನಂಗೇನು ಗೊತ್ತು? ಗೊತ್ತಿದ್ದೋರನ್ನ ಕೇಳೋಕೆ ನಿಂಗೆ ಮಾನ ಅಡ್ಡ ಬಂತು."

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಆ ಒಲೆ ಇಟ್ಟುಕೊಂಡು ಏನು ಮಾಡಲಿ?

ಜೂನ್ 15, ಶನಿವಾರ

ಮದುವೆ ಆಯಿತು. ಚರ್ಚಿನಲ್ಲಿ ಗೂರೋ ನನ್ನ ಕೈ ಹಿಡಿದುಕೊಂಡೇ ನಡೆದಳು. ಕೈ ತಣ್ಣಗಿತ್ತು. ಅವಳು ಮುಂದೆ ನೋಡುತ್ತಿದ್ದಳು, ನನ್ನನ್ನಲ್ಲ.

ಊಟಕ್ಕೆ ಹುಳಿಕೆನೆಯ ಗಂಜಿ, ಕುರಿಮಾಂಸ. ಬಿಯರ್ ಅಂಗಡಿಯದು, ಡಬ್ಬಿಯಲ್ಲಿ. ಐವಿಂದ್‌ನ ತಂದೆಯೇ ತರಿಸಿದ್ದರು. ಡಬ್ಬಿ ತೆರೆಯುವ ಸದ್ದು ಮೇಜಿನುದ್ದಕ್ಕೂ ಕೇಳುತ್ತಿತ್ತು. ನಾಲ್ಕು ತಲೆಮಾರಿನಲ್ಲಿ ನಮ್ಮ ಮನೆಯ ಮದುವೆಗೆ ಹೊರಗಿನ ಬಿಯರ್ ಬಂದದ್ದು ಇದೇ ಮೊದಲು.

ತಮ್ಮನ ಗೋರಿಯ ಹತ್ತಿರ ಹೋಗಲಿಲ್ಲ.

ಜುಲೈ 14, ಭಾನುವಾರ

ಆರು ತಿಂಗಳಾಯಿತು. ಹುಲ್ಲು ಕೊಯ್ದು ಒಣಹಾಕಿದ್ದೇವೆ. ಎಲ್ಲರೂ ಒಳ್ಳೇ ಘಮ ಎನ್ನುತ್ತಿದ್ದಾರೆ.

ಆಗಸ್ಟ್ 11, ಭಾನುವಾರ

ಅಟ್ಟದಲ್ಲಿ ಅಜ್ಜಿಯ ಮರದ ಬಳೆಸರ ಸಿಕ್ಕಿತು. ಚಿಕ್ಕ ಚಿಕ್ಕ ಮರದ ತುಂಡುಗಳನ್ನು ಪೋಣಿಸಿದ ಬಳೆ, ಮೊದಲು ಹೆಪ್ಪನ್ನು ಅದರ ಸಂದಿಗಳಲ್ಲಿ ಮೆತ್ತಿ ತೂಗುಹಾಕುತ್ತಿದ್ದರು. ಸಂದಿಯಲ್ಲಿ ಕಂದು ಬಣ್ಣದ ಹಕ್ಕಳೆ ಇತ್ತು. ಅಜ್ಜಿ ಸತ್ತು ನಲವತ್ತೆರಡು ವರ್ಷ.

ಗೂರೋಗೆ ಫೋನ್ ಮಾಡಿದೆ. ಬರಬಹುದೇನೋ ಎಂದುಕೊಂಡಿದ್ದೆ. "ನೋಡು ದೊಡ್ಡಪ್ಪ, ಆದ್ರೆ ಹೇಳು," ಎಂದಳು. ಅವಳು ಆ ಕಮಟು ಹೆಪ್ಪನ್ನೇ ಪಟ್ಟಣದಲ್ಲಿ ಪರೀಕ್ಷೆ ಮಾಡುವವರಿಗೆ ಕಳಿಸಿದ್ದಳಂತೆ. ಬದುಕಿರುವುದು ಗಾಳಿಯಿಂದ ಬಂದು ಸೇರುವ ಕಾಡುಹೆಪ್ಪು ಮಾತ್ರ, ನಿಮ್ಮದು ಅನ್ನುವಂಥದ್ದು ಏನೂ ಸಿಗಲಿಲ್ಲ ಎಂದು ಉತ್ತರ ಬಂದಿದೆ.

ಸಣ್ಣ ಪಾತ್ರೆಯಲ್ಲಿ ಬಾರ್ಲಿ ರಸ ಕುದಿಸಿ ಆರಿಸಿದೆ. ಮೊಣಕೈ ಅದ್ದಿ ನೋಡಿದೆ. ಬಳೆ ಇಳಿಬಿಟ್ಟು ಕೂಗಿದೆ. ಇಷ್ಟು ಜೋರಾಗಿ ಎಂದೂ ಕೂಗಿದ್ದಿಲ್ಲ. ಸಿನ್ನೇವಾ ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿ ಬಂದು ಬಾಗಿಲಲ್ಲಿ ನಿಂತಳು. ತಮಾಷೆ ಮಾಡಲಿಲ್ಲ.

ಆಗಸ್ಟ್ 14, ಬುಧವಾರ

ಏಳಲಿಲ್ಲ. ಒಂದು ಗುಳ್ಳೆಯೂ ಇಲ್ಲ.

ಸೆಪ್ಟೆಂಬರ್ 5, ಗುರುವಾರ

ಹಾಲಿನ ಶೆಡ್ಡಿಗೆ ಹೋಗಲಿಲ್ಲ. ಸಿನ್ನೇವಾಳ ಜೊತೆ ಆಲೂಗಡ್ಡೆ ಅಗೆದೆ. ಒಲೆಯ ಮೇಲೆ ಏನಾದರೂ ಸೀಯುತ್ತಿದೆಯಾ ಎಂದು ನಡುನಡುವೆ ಕೇಳುತ್ತಿದ್ದೆ. "ಇಲ್ಲ," ಎನ್ನುತ್ತಿದ್ದಳು. ಒಮ್ಮೆ ಮಾತ್ರ "ಹೂಂ" ಎಂದು ಓಡಿದಳು.

ಅಕ್ಟೋಬರ್ 5, ಶನಿವಾರ

ತೋರ್ಲೈವ್ ಪ್ಯಾಕೆಟ್ ಹಾಕಿ ಬಿಯರ್ ಮಾಡಿದ್ದಾನೆ. ಪೀಪಾಯಿ ತುಂಬುವ ದಿನಕ್ಕೆ ಖುದ್ದಾಗಿ ಕರೆಯಲು ಬಂದ. ಕರೆಯುವ ಪದ್ಧತಿಯೇ ಇಲ್ಲ ನಮ್ಮಲ್ಲಿ. ಕರೆಯದಿದ್ದರೆ ನಾನು ಬರುವುದಿಲ್ಲ ಎಂದು ಅವನಿಗೆ ಗೊತ್ತಿತ್ತು.

ಗೂರೋ, ಐವಿಂದ್ ಬಂದಿದ್ದರು. ಕುರಿತಲೆ ಬೇಯಿಸಿದ್ದ ತೋರ್ಲೈವ್. ಪ್ಯಾಕೆಟ್ ಹಾಕುವಾಗ ಕೂಗಿದೆಯಾ ಎಂದು ಸ್ಟೀರ್ಕ್ ಕೇಳಿದ. "ನಾಚಿಕೆಯಾಯ್ತು," ಎಂದ ತೋರ್ಲೈವ್.

ಬಟ್ಟಲನ್ನು ಅವನು ಮೊದಲು ನನ್ನ ಕೈಗೇ ಕೊಟ್ಟ. ಎಲ್ಲ ಗೊತ್ತಿದ್ದೂ ಕೊಟ್ಟ. ಅವರೆಲ್ಲ ಮೊದಲಿನಂತೆಯೇ ನನ್ನನ್ನು ನೋಡಿದರು. ಅಭ್ಯಾಸ ಅಷ್ಟು ಸುಲಭಕ್ಕೆ ಸಾಯುವುದಿಲ್ಲ, ಹೆಪ್ಪಿನ ಹಾಗಲ್ಲ ಅದು.

ಮೂಸಲಿಲ್ಲ. ಒಂದು ಗುಟುಕು ಕುಡಿದು, "ನಂಗೇನೂ ಗೊತ್ತಾಗ್ತಿಲ್ಲ," ಎಂದೆ. ಹೇಳಿದ ಮೇಲೆ ನೋಡಿದರೆ ಅಷ್ಟು ದೊಡ್ಡ ಮಾತೇನಲ್ಲ. ಜನವರಿಯಲ್ಲೇ ಹೇಳಬಹುದಾಗಿದ್ದ ಮಾತು.

ಬಟ್ಟಲು ಸುತ್ತು ಹೋಯಿತು. ಸ್ಟೀರ್ಕ್ ಕುಡಿದ, ಗೂರೋ ಕುಡಿದಳು. ಅವಳು ಕಣ್ಣು ಮುಚ್ಚಿ ಬಹಳ ಹೊತ್ತು ಮೂಸಿದಳು, ಅವಳ ಅಪ್ಪನ ಹಾಗೇ. ಮುಂದೆ ಕೊಟ್ಟಳು. ಕೊನೆಗೆ ತೋರ್ಲೈವ್ ಕುಡಿದ, ತಾನೇ ಮಾಡಿದ್ದನ್ನು.

"ನಮಗೂ ಅಷ್ಟೆ ಕಣೋ ಗಿಟ್ಲೆ," ಎಂದ. "ಏನೂ ಗೊತ್ತಾಗ್ತಿಲ್ಲ. ಯಾರ ಮನೇದು ಬೇಕಾದ್ರೂ ಆಗಿರಬಹುದು."

ಕೆಟ್ಟಿರಲಿಲ್ಲ ಅದು. ಎಲ್ಲರೂ ಎರಡೆರಡು ಬಟ್ಟಲು ಕುಡಿದರು. ಹೊರಡುವಾಗ ಹೆಪ್ಪು ಬೇಕೆಂದು ಯಾರೂ ಕೇಳಲಿಲ್ಲ.

ಅಕ್ಟೋಬರ್ 6, ಭಾನುವಾರ

ಬೇಸಿಗೆಯಿಡೀ ಬಾನಿಯನ್ನು ಬಿಸಿಲಿಗೆ ಮಗುಚಿಟ್ಟಿದ್ದೆ. ಒಡೆದು ಸೌದೆ ಮಾಡೋಣವೆಂದು ಇವತ್ತು ಕೊಡಲಿ ತಂದೆ. ಕೈ ಬರಲಿಲ್ಲ. ಬೂದಿ ಹಾಕಿ ಉಜ್ಜಿದೆ, ಕುದಿಯುವ ಜುನಿಪರ್ ನೀರು ಹೊಯ್ದೆ. ಎರಡು ಸಲ, ಮೂರು ಸಲ, ಆರು ಸಲ.

ಸಿನ್ನೇವಾ ಪ್ರಾರ್ಥನೆ ಮುಗಿಸಿ ಬಂದಳು. ಒಳ್ಳೇ ಕೋಟು ಹಾಕಿಕೊಂಡಿದ್ದಳು. ಅಂಗಳದಿಂದಲೇ, "ಯಾಕೆ, ಮತ್ತೆ ಏನಾದ್ರೂ ಇಡ್ತೀಯಾ?" ಎಂದಳು.

"ಇಲ್ಲ. ಇದನ್ನೊಂದು ಮೂಸಿ ಹೇಳ್ತೀಯಾ?"

ಬೈಯುತ್ತಾಳೆ ಎಂದುಕೊಂಡೆ. ಅವಳು ಕೋಟು ಬಿಚ್ಚಿ ನನ್ನ ಕೈಗೆ ಕೊಟ್ಟಳು. ಬಿಯರ್ ಮನೆಯ ಹೊಸಲು ದಾಟಿ ಬಂದು, ಎರಡೂ ಕೈಯಲ್ಲಿ ಬಾನಿಯ ಅಂಚು ಹಿಡಿದು, ಕುತ್ತಿಗೆವರೆಗೂ ತಲೆ ಒಳಗೆ ಹಾಕಿದಳು. ಹೀಗೆ ಮಾಡಬೇಕು ಎಂದು ನಾನು ಹೇಳಿಕೊಟ್ಟಿರಲಿಲ್ಲ. ಇಷ್ಟು ವರ್ಷ ಕಿಟಕಿಯಿಂದ ನೋಡಿದ್ದಾಳೆ.

ತಲೆ ಎತ್ತಿದಾಗ ಅವಳ ಹಣೆಗೆ ಒದ್ದೆಯಾಗಿತ್ತು.

"ಏನೂ ವಾಸನೆ ಇಲ್ಲ," ಎಂದಳು. "ಚೊಕ್ಕಟವಾಗಿದೆ."

ಇನ್ನೊಂದು ಸಲ ನೋಡು ಎಂದೆ. ನೋಡಿದಳು. ಅದೇ ಮಾತು ಹೇಳಿ, ಕೋಟು ತೆಗೆದುಕೊಂಡು ಊಟಕ್ಕಿಡಲು ಹೋದಳು.

ಈಗ ಬಿಯರ್ ಹೊಯ್ಯಬಹುದು. ಹಾಕಲು ಹೆಪ್ಪಿಲ್ಲ. ಬಾನಿಯನ್ನು ಮಗುಚಿಟ್ಟು ಬಾಗಿಲು ಎಳೆದುಕೊಂಡು ಬಂದೆ.